ಏಳನೇ ಚಮಚ

ಡಿಸೆಂಬರ್ ತಿಂಗಳ ಎರಡನೇ ಮಂಗಳವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ: ಬಳ್ಳಾರಿ, ಪಾರ್ವತಿನಗರ, ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಅಕ್ಕ ಗಂಗಮ್ಮ, ಅಕ್ಕನನ್ನು ನೋಡಿಕೊಳ್ಳಲು ದಿನವೂ ಬರುವ ಹುಲಿಗೆಮ್ಮ, ಮತ್ತು ಕುರುಗೋಡಿನಿಂದ ಹೊಸ ಅಕ್ಕಿಯ ಚೀಲ ತಂದ ಅಕ್ಕನ ಮಗ ಪಂಪಾಪತಿ.

ಮನೆಯ ಮಾತು ಹೇಳಲು ಕೂತವಳು ಪಂಚನಾಮೆ ಬರೆದ ಹಾಗೆ ಶುರು ಮಾಡಿದಳಲ್ಲ ಎಂದು ನೀವು ನಗಬಹುದು. ಮೂವತ್ತಾರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿದ್ದವಳು ನಾನು. ತಾರೀಖು, ಗಂಟೆ, ಯಾರು ಯಾರು ಇದ್ದರು ಎಂದು ಬರೆಯದೆ ಒಂದು ಕೆಲಸಕ್ಕೂ ಕೈ ಹಚ್ಚಿ ಗೊತ್ತಿಲ್ಲ. ನಿವೃತ್ತಿಯಾದ ಮರುದಿನ ಬೆಳಗ್ಗೆ ಆರಕ್ಕೆ ಎದ್ದು, ಬರೆಯುವುದಕ್ಕೆ ಏನೂ ಇಲ್ಲವಲ್ಲ ಎಂದು ಕಂಗಾಲಾಗಿ, ಕೊನೆಗೆ ಹಾಲಿನವನು ಬಂದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಅವನು ಹತ್ತು ನಿಮಿಷ ತಡವಾಗಿ ಬಂದಿದ್ದ. ಅದನ್ನೂ ಬರೆದೆ.

ಇವತ್ತು ಪಂಪಾಪತಿ ಚೀಲದ ಹೊಲಿಗೆ ಬಿಚ್ಚಿ ಅಕ್ಕಿಯನ್ನು ತಗಡಿನ ಡಬ್ಬಕ್ಕೆ ಸುರುವಿದ. ಖಾಲಿ ತಗಡಿಗೆ ಬೀಳುವ ಅಕ್ಕಿ ಮೊದಲು ಮಳೆಯ ಹಾಗೆ ಸದ್ದು ಮಾಡುತ್ತದೆ. ತಳ ಮುಚ್ಚಿದ ಮೇಲೆ ಅಕ್ಕಿಯ ಮೇಲೆ ಅಕ್ಕಿ ಬಿದ್ದು ಸದ್ದು ಮೆತ್ತಗಾಗುತ್ತದೆ. ಅಕ್ಕ ಅಡುಗೆಮನೆಯ ಬಾಗಿಲ ಪಕ್ಕ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಎರಡು ವಾರದಿಂದ, ಊಟದ ಹೊತ್ತು ಬಿಟ್ಟರೆ, ಅವಳ ಕೈಗಳು ಮಡಿಲಿನಿಂದ ತಾವಾಗಿ ಮೇಲೆದ್ದದ್ದೇ ಇಲ್ಲ. ಆ ಸದ್ದಿಗೆ ಎರಡೂ ಕೈ ಎದ್ದವು. ಮೊಣಕೈ ಅಗಲವಾದವು. ಬೆರಳುಗಳು ಮಡಚಿಕೊಂಡು, ಕಾಣದ ಯಾವುದೋ ಅಂಚನ್ನು ಬಿಗಿಯಾಗಿ ಹಿಡಿದವು.

"ಚಿಗವ್ವ, ಇಲ್ಲಿ ನೋಡು. ನಮ್ಮವ್ವ ಚೀಲದ ಬಾಯಿ ಹಿಡದಾಳ," ಎಂದ ಪಂಪಾಪತಿ.

"ನೀ ಸುರುವು. ನಡುವ ನಿಲ್ಲಿಸಬ್ಯಾಡ," ಎಂದೆ.

ಅವನು ಸಣ್ಣಗೆ ಧಾರೆ ಬಿಟ್ಟು, ಎರಡು ನಿಮಿಷದ ಕೆಲಸವನ್ನು ಐದು ನಿಮಿಷ ಮಾಡಿದ. ಚೀಲ ಖಾಲಿಯಾಗುವವರೆಗೂ ಅಕ್ಕ ಕೈ ಇಳಿಸಲಿಲ್ಲ. ಹೋದ ವರ್ಷದ ಇದೇ ಕಾಲ ನೆನಪಾಗಿ, ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಆಚೆ ಹೋದೆ. ಆ ಹೋದ ವರ್ಷದ ಮಾತನ್ನೇ ನಿಮಗೆ ಹೇಳಬೇಕು.

ನಾವು ಮೂಲತಃ ಸಿರುಗುಪ್ಪದವರು. ಅಪ್ಪ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಅಳೆಯುತ್ತಿದ್ದ. ತೂಕದ ಯಂತ್ರ ಬರುವ ಮೊದಲು ಎಲ್ಲವೂ ಕೊಳಗದ ಅಳತೆ. ಮರದ ಕೊಳಗವನ್ನು ರಾಶಿಗೆ ನೂಕಿ, ತುಂಬಿಸಿ, ಅಂಗೈಯಿಂದ ಮೇಲೆ ಸವರಿ ಚೀಲಕ್ಕೆ ಸುರುವುತ್ತ ಅಪ್ಪ ಎಣಿಕೆಯನ್ನು ರಾಗವಾಗಿ ಹೇಳುತ್ತಿದ್ದ. ಒಂದನ್ನು ಅವನು ಹೇಳಿದರೆ ಮುಂದಿನದನ್ನು ಚೀಲದ ಬಾಯಿ ಹಿಡಿದವರು ಹೇಳಬೇಕು. ಇಬ್ಬರ ಬಾಯಲ್ಲಿ ಎಣಿಕೆ ಹೋದರೆ ತಪ್ಪುವುದಿಲ್ಲ ಎಂಬುದು ಅವರ ಲೆಕ್ಕ. ಆ ಚೀಲದ ಬಾಯಿ ಹಿಡಿಯುತ್ತಿದ್ದವಳು ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಜೊತೆ ನಿಂತಳು. ನನ್ನ ಕೆಲಸ ಸುತಳಿ ಕೊಡುವುದು. ಚೀಲ ತುಂಬಿದ ಮೇಲೆ ಅಕ್ಕ ನನ್ನ ಕಡೆ ನೋಡದೆಯೇ ಕೈ ಚಾಚುವಳು. ನಾನು ಅಳತೆಗೆ ಕತ್ತರಿಸಿಟ್ಟ ಸುತಳಿಯನ್ನು ಅವಳ ಅಂಗೈಗೆ ಇಡಬೇಕು. ಸ್ವಲ್ಪ ತಡವಾದರೆ, "ಲೇ ಸಣ್ಣಾಕಿ, ಎಲ್ಲಿ ಕುಂತು ಕನಸು ಕಾಣಾಕತ್ತಿ?" ಎನ್ನುವಳು. ನಮ್ಮ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ನಾನು ಸಣ್ಣಾಕಿ.

ಗೋಣಿಯ ಅಂಚು ಹಿಡಿದು ಹಿಡಿದು ಅಕ್ಕನ ಬೆರಳ ಸಂದಿಗಳು ಸೀಳಿರುತ್ತಿದ್ದವು. ರಾತ್ರಿ ಎಣ್ಣೆ ಹಚ್ಚುವಾಗ ನಾನು ಮುಖ ತಿರುಗಿಸುತ್ತಿದ್ದೆ. ಮುಂದೆ ನರ್ಸ್ ಆಗುವವಳ ಧೈರ್ಯ ಅಷ್ಟಿತ್ತು. ನಾನು ಹತ್ತನೇ ತರಗತಿ ಪಾಸಾದಾಗ, ಬಳ್ಳಾರಿಯಲ್ಲಿ ನರ್ಸಿಂಗ್ ತರಬೇತಿ ಇದೆ ಎಂದು ಯಾರೋ ಹೇಳಿದರು. ಅಪ್ಪ ಬೇಡ ಎಂದ. ಆಗ ಅಕ್ಕನಿಗೆ ಕುರುಗೋಡಿಗೆ ಮದುವೆಯಾಗಿತ್ತು. ಅವಳು ಬಸ್ಸಿಳಿದು ಬಂದು, ಒಂದು ಲೋಟ ನೀರು ಕೂಡ ಕುಡಿಯದೆ, "ಚೀಲ ಹಿಡಿಯಾಕ ಒಬ್ಬಾಕಿ ಸಾಕಪ್ಪ, ನಾ ಹಿಡದೀನಿ. ಈಕಿ ಹೋಗಲಿ," ಎಂದಳು. ಅಪ್ಪ ಒಪ್ಪಿದ. ಸಿರುಗುಪ್ಪದ ಬಸ್‌ಸ್ಟ್ಯಾಂಡಿನವರೆಗೆ ನನ್ನ ತಗಡಿನ ಪೆಟ್ಟಿಗೆ ತಲೆ ಮೇಲೆ ಹೊತ್ತು ತಂದವಳೂ ಅವಳೇ. ಬಸ್ಸಿನ ಕಿಟಕಿಯಲ್ಲಿ ಮುಖ ತೂರಿಸಿ ಅವಳು ಹೇಳಿದ್ದು ಒಂದೇ ಮಾತು. "ಎಣಿಕಿ ತಪ್ಪಬ್ಯಾಡ ಲೇ ಸಣ್ಣಾಕಿ."

ನಾನು ತಪ್ಪಲಿಲ್ಲ. ನಾಡಿಯ ಎಣಿಕೆ, ಗುಳಿಗೆಯ ಎಣಿಕೆ, ಡ್ರಿಪ್ಪಿನ ಹನಿಗಳ ಎಣಿಕೆ, ಎಲ್ಲವನ್ನೂ ಕಲಿತೆ. ಮದುವೆ ಮಾಡಿಕೊಳ್ಳಲಿಲ್ಲ, ಅದಕ್ಕೆ ಪುರುಸೊತ್ತು ಸಿಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತೇನೆ. ನನ್ನ ವಾರ್ಡಿನಲ್ಲಿ ಸೂಜಿ ಬಿದ್ದರೂ ಕೇಳಬೇಕು. ಬಂಧುಗಳು ಜೋರಾಗಿ ಮಾತಾಡಿದರೆ ಹೊರಗೆ. ರೇಡಿಯೊ ತಂದರೆ ಅದೂ ಹೊರಗೆ. ಹಿಂದಿನಿಂದ ನನ್ನನ್ನು ಜನ 'ಸುಮ್ಮನಿರ್ರಿ ಸಿಸ್ಟರ್' ಎಂದು ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಬೇಸರವೇನೂ ಆಗಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು.

ನಾಲ್ಕು ವರ್ಷದ ಹಿಂದೆ ಅಕ್ಕ ಕುರುಗೋಡಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಹೋದವಳು ಮನೆಗೆ ತಿರುಗಿ ಬರಲಿಲ್ಲ. ಹುಡುಕಿದಾಗ ಕಾಲುವೆಯ ದಂಡೆಯಲ್ಲಿ ಕೂತಿದ್ದಳಂತೆ. "ನಮ್ಮಪ್ಪ ಬರ್ತಾನ, ಕಾಯಾಕತ್ತೀನಿ," ಎಂದಳಂತೆ. ಅಪ್ಪ ತೀರಿ ನಲವತ್ತು ವರ್ಷವಾಗಿತ್ತು. ಪಂಪಾಪತಿ ಒಳ್ಳೆಯ ಮಗ, ಅವನ ಹೆಂಡತಿಯೂ ಒಳ್ಳೆಯವಳು. ಆದರೆ ಹೊಲದ ಕೆಲಸದವರು ದಿನವಿಡೀ ಬಾಗಿಲು ಕಾಯುವುದು ಹೇಗೆ? ನಾನೇ ಹೋಗಿ, "ನನ್ನ ಕೈಗೆ ಕೊಡು," ಎಂದೆ. ಅವನು, "ಚಿಗವ್ವ, ನಿನಗೂ ವಯಸ್ಸಾಗೈತಿ," ಎಂದ. "ನನ್ನ ಬಿ.ಪಿ. ನಿನಗಿಂತ ಚಂದ ಐತಿ," ಎಂದೆ. ಅದು ನಿಜ, ಪುಸ್ತಕದಲ್ಲಿದೆ.

ಇಲ್ಲಿಗೆ ಬಂದ ಮೇಲೆ ಅಕ್ಕನ ಮಾತು ದಿನದಿನಕ್ಕೆ ಕಡಿಮೆಯಾಯಿತು. ಮೊದಲು ಊರಿನ ಹೆಸರುಗಳು ಹೋದವು, ಆಮೇಲೆ ಮಗನ ಹೆಸರು. ಹುಲಿಗೆಮ್ಮ ನನ್ನನ್ನು 'ಸಿಸ್ಟರಮ್ಮ' ಎನ್ನುವುದನ್ನು ಕೇಳಿ ಕೇಳಿ ಅಕ್ಕನೂ ನನ್ನನ್ನು 'ಸಿಸ್ಟರ್' ಎನ್ನತೊಡಗಿದಳು. "ಸಿಸ್ಟರ್, ನಮ್ಮ ಮನಿಗಿ ಹೋಗಾಕ ಬಸ್ ಎಷ್ಟೊತ್ತಿಗ್ರಿ?" ನನ್ನ ಅಕ್ಕ ನನಗೆ 'ರಿ' ಹಚ್ಚಿ ಮಾತಾಡಿದ ಆ ದಿನ ನಾನು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಆಮೇಲೆ ಆ ಮಾತುಗಳೂ ನಿಂತವು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕ ಊಟಕ್ಕೆ ಬಾಯಿ ತೆರೆಯುವುದನ್ನೇ ಬಿಡತೊಡಗಿದಳು. ನಾನು ವಾರ್ಡಿನ ಪದ್ಧತಿಯಂತೆ ಅವಳನ್ನು ನೆಟ್ಟಗೆ ಕೂರಿಸಿ, ಕೊರಳಿಗೆ ಟವೆಲ್ ಕಟ್ಟಿ, ಮೆತ್ತಗಿನ ಅನ್ನವನ್ನು ಬೇಳೆಯ ಕಟ್ಟಿನಲ್ಲಿ ಕಿವುಚಿ, ಒಂದೊಂದೇ ಚಮಚ ಎಣಿಸಿ ತಿನ್ನಿಸುತ್ತಿದ್ದೆ. "ಒಂದು," ಎಂದರೆ ತುಟಿ ಬಿಗಿಯುವಳು. ಕಾದು ಕಾದು, ಗಲ್ಲ ಸವರಿ, ಹೇಗೋ ಒಳಗೆ ಹೋಗಬೇಕು. ಎರಡು, ಮೂರು ಸ್ವಲ್ಪ ಸಲೀಸು. ಆರರವರೆಗೆ ಬರುವಳು. ಏಳಕ್ಕೆ ಚಮಚ ತಂದ ಕೂಡಲೇ ಕುರ್ಚಿಯ ಕೈ ಹಿಡಿದು ಮೇಲೇಳಲು ನೋಡುವಳು. ಅವಳ ಮೊಣಕಾಲಿಗೆ ಅಷ್ಟು ಬಲವಿಲ್ಲ. ನಾನು ಭುಜ ಹಿಡಿದು ಕೂರಿಸುವೆ, ಅವಳು ಕೈ ಬೀಸುವಳು, ಬಟ್ಟಲು ಉರುಳುವುದು. ಅಲ್ಲಿಗೆ ಊಟ ಮುಗಿಯಿತು. ಬೆಳಗ್ಗೆ ಹಾಗೆ, ಮಧ್ಯಾಹ್ನ ಹಾಗೆ, ರಾತ್ರಿಯೂ ಹಾಗೆ. ನನ್ನ ಪುಸ್ತಕದಲ್ಲಿ ಮೂರು ವಾರದುದ್ದಕ್ಕೂ ನನ್ನದೇ ಮುದ್ದಾದ ಅಕ್ಷರದಲ್ಲಿ ಹೀಗಿದೆ: 'ಆರು ಚಮಚ. ಏಳನೆಯದಕ್ಕೆ ಚಡಪಡಿಕೆ.'

ಡಾಕ್ಟರು ಮನೆಗೇ ಬಂದು ನೋಡಿದರು. ವಯಸ್ಸಿನಲ್ಲಿ ಸಣ್ಣವರು, ತಾಳ್ಮೆ ದೊಡ್ಡದು. ಅಕ್ಕನ ತೋಳಿನ ಚರ್ಮ ಎಳೆದು ನೋಡಿ, ತೂಕ ನೋಡಿ, ನನ್ನನ್ನು ವರಾಂಡಕ್ಕೆ ಕರೆದರು. "ಮೇಡಂ, ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂಗಾದ್ರ ಶಕ್ತಿ ಉಳಿಯಂಗಿಲ್ಲ. ಬರೋ ಗುರುವಾರದ ತನಕ ನೋಡೋಣ. ಆಮ್ಯಾಲೆ ಮೂಗಿನಾಗ ಟ್ಯೂಬು ಹಾಕೋದೋ ಬ್ಯಾಡೋ ಅಂತ ಮನಿಯವರೆಲ್ಲ ಕೂತು ಮಾತಾಡ್ರಿ."

ಆ ಟ್ಯೂಬನ್ನು ನಾನು ನನ್ನ ಕೈಯಾರೆ ಎಷ್ಟು ಜನಕ್ಕೆ ಹಾಕಿದ್ದೇನೋ ಲೆಕ್ಕವಿಲ್ಲ. ಎಣ್ಣೆ ಸವರಿದ ಹಾಗೆ ಇಳಿಸುತ್ತಿದ್ದೆ, ನನ್ನ ಕೈ ಹಗುರ ಎಂದು ಹೆಸರಿತ್ತು. ಆಮೇಲಿನದೂ ನನಗೆ ಗೊತ್ತಿತ್ತು. ಬುದ್ಧಿ ಮಸುಕಾದವರು ಟ್ಯೂಬು ಕಿತ್ತುಹಾಕುತ್ತಾರೆ. ಕೀಳಬಾರದೆಂದು ಆಗ ಅವರ ಕೈಗಳನ್ನು ಬ್ಯಾಂಡೇಜಿನ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟುತ್ತಿದ್ದೆವು. ನಾನೇ ಕಟ್ಟಿದ್ದೇನೆ. ಬಿಗಿಯೂ ಆಗದ, ಸಡಿಲವೂ ಆಗದ ಆ ಗಂಟನ್ನು ಹೊಸ ನರ್ಸುಗಳಿಗೆ ಕಲಿಸಿದ್ದೇನೆ. ಅಕ್ಕನ ಕೈಗಳಿಗೆ ಆ ಗಂಟು ಹಾಕುವುದನ್ನು ನೆನೆದು, ಆ ಮಧ್ಯಾಹ್ನ ನನ್ನ ಊಟವೂ ಆರು ತುತ್ತಿಗೆ ನಿಂತಿತು.

ಪಂಪಾಪತಿ ಫೋನ್ ಮಾಡಿ, "ಚಿಗವ್ವ, ಮೊಬೈಲ್‌ನಾಗ ನೋಡೀನಿ. ಇಂಥವರಿಗೆ ಹಾಡು ಕೇಳಿಸಿದ್ರ ಹುಷಾರಾಗಿ ಮಾತಾಡ್ತಾರಂತ," ಎಂದ. ಸದ್ದಿನ ವೈರಿಯಾದ ನನಗೆ ಇದು ಹಿಡಿಸಲಿಲ್ಲ. ಆದರೂ ವೇಳಾಪಟ್ಟಿ ಬರೆದೆ. ಏಳೂವರೆಯಿಂದ ಎಂಟು, ಸಂಗೀತ. ಎಂಟಕ್ಕೆ ತಿಂಡಿ. ಹುಲಿಗೆಮ್ಮ ಮಗನ ಸ್ಪೀಕರ್ ತಂದಳು. ಮೊದಲ ದಿನ ಭಜನೆ. ಅಕ್ಕ ಗೋಡೆ ನೋಡುತ್ತ ಕೂತಳು. ಎರಡನೇ ದಿನ ಹಳೆಯ ಸಿನಿಮಾದ ಹಾಡು. ಅಕ್ಕನ ಕಣ್ಣು ಹೊರಳಿತು. ನಾನು ಗಡಿಯಾರ ನೋಡಿ ಪುಸ್ತಕ ತೆಗೆದೆ. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಮಾತು ಬಂತು.

"ಯಾರ ಮನ್ಯಾಗ ಮದಿವಿ?"

ಹುಲಿಗೆಮ್ಮ ಸಂತೋಷಕ್ಕೆ, "ನಮ್ಮ ಮನ್ಯಾಗ್ರಿ ಅಮ್ಮಾರ," ಎಂದುಬಿಟ್ಟಳು. ಅದೇ ತಪ್ಪಾಯಿತು. ಅಕ್ಕನ ಕಾಲದಲ್ಲಿ ಸ್ಪೀಕರಿನ ಹಾಡೆಂದರೆ ಮದುವೆ ಚಪ್ಪರ. ಮದುವೆಗೆ ಹೋಗುವವರು ಮನೆಯಲ್ಲಿ ತಿಂಡಿ ತಿನ್ನುತ್ತಾರೆಯೇ? ಅವತ್ತು ಆರು ಚಮಚವೂ ಹೋಗಲಿಲ್ಲ. "ಸಿಸ್ಟರಮ್ಮ, ಊಟಕ್ಕ ಕರಿಯಾಕ ಬರ್ತಾರಂತ ಕಾಯಾಕತ್ಯಾರ್ರಿ," ಎಂದು ಹುಲಿಗೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಸ್ಪೀಕರನ್ನು ಅವಳ ಚೀಲಕ್ಕೇ ವಾಪಸ್ ಹಾಕಿದೆ. ವೇಳಾಪಟ್ಟಿಯಲ್ಲಿ ಸಂಗೀತಕ್ಕೆ ಅಡ್ಡಗೀಟು ಎಳೆದೆ.

ಗೀಟು ಎಳೆಯುವಾಗ ಒಬ್ಬ ಮುದುಕ ನೆನಪಾದ. ನನ್ನ ವಾರ್ಡಿನ ಕೊನೆಯ ಮಂಚದಲ್ಲಿದ್ದವನು. ಯಾರೆಂದು ತನಗೇ ಗೊತ್ತಿಲ್ಲದವನು. ಒಂದು ದಿನ ಹೊರಗಿನ ಬೀದಿಯಲ್ಲಿ ಹಲಗೆ ಬಾರಿಸುತ್ತ ಯಾರೋ ಹೋದರು. ಅವನ ಹತ್ತೂ ಬೆರಳು ಮಂಚದ ಕಬ್ಬಿಣದ ಮೇಲೆ ಅದೇ ಪೆಟ್ಟನ್ನು, ಒಂದೂ ತಪ್ಪದೆ ಹಾಕತೊಡಗಿದವು. ನಾನು ನಡೆದುಹೋಗಿ ಕಿಟಕಿ ಮುಚ್ಚಿದೆ. ಬೆರಳುಗಳು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಹಾಗೇ ಕೆಳಗಿಳಿದವು. ನಿಯಮ ಪಾಲಿಸಿದೆ ಎಂದೇ ಆಗ ಅಂದುಕೊಂಡಿದ್ದೆ. ಅವನ ಹೆಸರು ನನಗೀಗ ನೆನಪಿಲ್ಲ, ಬೆರಳುಗಳು ನೆನಪಿವೆ.

ಗುರುವಾರ ಇನ್ನೂ ಎರಡು ದಿನ ಇತ್ತು. ಟ್ಯೂಬಿನ ಮಾತು ತೀರ್ಮಾನ ಮಾಡೋಣವೆಂದು ಪಂಪಾಪತಿ, ಅವನ ಹೆಂಡತಿ, ಮಕ್ಕಳು ಎಲ್ಲರೂ ಮಧ್ಯಾಹ್ನಕ್ಕೆ ಬರುವವರಿದ್ದರು. ದಿನಾ ಎರಡು ಪಾವು ಅಕ್ಕಿ ಸಾಕಾಗುತ್ತಿದ್ದ ಮನೆಯಲ್ಲಿ ಅವತ್ತು ಎಂಟು ಪಾವು ಹಾಕಬೇಕಾಯಿತು. ಹುಲಿಗೆಮ್ಮ ಡಬ್ಬದ ಮುಂದೆ ಕೂತು ಪಾವಿನಿಂದ ಅಕ್ಕಿ ಅಳೆದು ಪಾತ್ರೆಗೆ ಸುರುವುತ್ತಿದ್ದಳು. ಅವಳೂ ಸಿರುಗುಪ್ಪದ ಕಡೆಯವಳೇ. ಮೊದಲ ಪಾವು ಸುರುವುತ್ತ, "ಲಾಭ," ಎಂದಳು.

"ಎಲ್ಡು."

ಅದು ಬಾಗಿಲ ಕಡೆಯಿಂದ ಬಂದ ದನಿ. ಹುಲಿಗೆಮ್ಮನಿಗೆ ಅದು ಗಮನಕ್ಕೇ ಬರಲಿಲ್ಲ. ಮುಂದಿನದು ಸುರುವಿ, "ಮೂರು," ಎಂದಳು.

"ನಾಕು."

ನಾನು ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟೆ. ಅಕ್ಕ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ್ದಳು. ಕೈಗಳು ಚೀಲದ ಬಾಯಿ ಹಿಡಿದಿದ್ದವು. ಹುಲಿಗೆಮ್ಮ ಈಗ ತಲೆಯೆತ್ತಿ ನೋಡಿದಳು. ನಾನು ಬೆರಳಿನಿಂದ ಮುಂದುವರಿಸು ಎಂದು ಸನ್ನೆ ಮಾಡಿದೆ.

"ಐದು," ಎಂದಳು ಹುಲಿಗೆಮ್ಮ.

"ಆರು," ಎಂದಳು ಅಕ್ಕ. ಅಪ್ಪನ ರಾಗದಲ್ಲೇ, ಕೊನೆಯಲ್ಲಿ ಸ್ವಲ್ಪ ಎಳೆದು.

"ಏಳು."

ಅಕ್ಕನ ಕೈಗಳು ಚೀಲ ಬಿಟ್ಟು ಕುರ್ಚಿಯ ಕೈ ಹಿಡಿದವು. ಮೇಲೇಳಲು ನೋಡಿದಳು, ಆಗಲಿಲ್ಲ. ಮುಖ ಕೆಂಪಾಯಿತು. "ಏಳ್ ಅಂತೀಯೇನಬೇ," ಎಂದು ಹುಲಿಗೆಮ್ಮನನ್ನು ಗದರಿಸಿದಳು. "ರಾಶಿ ಎದ್ದು ಹೋಗ್ತೈತಿ. ಆರ್ಮ್ಯಾಲೊಂದು ಅನ್ನು."

ಆರರ ಮೇಲೊಂದು. ನನ್ನ ತಲೆಯಲ್ಲಿ ಅರವತ್ತು ವರ್ಷದಿಂದ ಮುಚ್ಚಿದ್ದ ಒಂದು ಬಾಗಿಲು ತೆರೆದ ಹಾಗಾಯಿತು. ಅಪ್ಪ ಎಂದೂ ಒಂದು ಎನ್ನುತ್ತಿರಲಿಲ್ಲ. 'ಒಂದು ಅಂದ್ರ ಒಂಟಿ, ರಾಶಿ ಒಂಟಿ ಆಗಬಾರ್ದು,' ಎಂದು ಲಾಭ ಎನ್ನುತ್ತಿದ್ದ. ಏಳು ಎಂದೂ ಎನ್ನುತ್ತಿರಲಿಲ್ಲ. ಗಿರಣಿಯ ಅಂಗಳದಲ್ಲಿ ಅರ್ಧ ಜನ ತೆಲುಗಿನವರು. ಅವರ ಭಾಷೆಯಲ್ಲಿ ಏಳಕ್ಕೆ ಹೇಳುವ ಮಾತೂ ಅಳು ಎನ್ನುವ ಮಾತೂ ಒಂದೇ, ಏಡು. ಅದಕ್ಕೇ ಅವರು ಅಳತೆಯಲ್ಲಿ ಆರು ಮತ್ತೊಂದು ಎನ್ನುತ್ತಿದ್ದರು. ಅಪ್ಪ ಅದನ್ನು ಕೇಳಿ, "ನಮ್ಮ ಕನ್ನಡದ್ದೇನು ಕಮ್ಮಿ? ಏಳು ಅಂದ್ರ ಲಕ್ಷ್ಮಿ ಎದ್ದು ನಡೀತಾಳ," ಎಂದು ತಾನೂ ಹಾಗೇ ಹೇಳತೊಡಗಿದ. ನಾವು ಮಕ್ಕಳು ಗೋಲಿ ಎಣಿಸುವಾಗಲೂ ಆರ್ಮ್ಯಾಲೊಂದು ಎನ್ನುತ್ತಿದ್ದೆವು. ತರಬೇತಿಯ ಮೊದಲ ವಾರವೇ, ಗುಳಿಗೆ ಎಣಿಸುವಾಗ ನಾನು ಹಾಗೆಂದದ್ದಕ್ಕೆ ಉಳಿದ ಹುಡುಗಿಯರು ನಕ್ಕಿದ್ದರು. ಅವತ್ತೇ ಬಿಟ್ಟೆ. ಬಿಟ್ಟದ್ದನ್ನು ಮರೆತೂ ಮರೆತೆ. ಮರೆವಿನ ಕಾಯಿಲೆ ಎಂದು ಅಕ್ಕನ ಹೆಸರಿನ ಮುಂದೆ ಬರೆದಿಟ್ಟವಳು ನಾನು.

ಅಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಇನ್ನೊಂದಿತ್ತು. ಮೂರು ವಾರ, ದಿನಕ್ಕೆ ಮೂರು ಸಲ, ನಾನು ಅವಳ ಮುಖದ ಹತ್ತಿರ ಬಗ್ಗಿ, ವಾರ್ಡಿನ ಗಟ್ಟಿ ದನಿಯಲ್ಲಿ "ಏಳು," ಎಂದಿದ್ದೆ. ಅವಳು ಹೇಳಿದ ಹಾಗೆ ಕೇಳುವ ಹೆಣ್ಣುಮಗಳು. ಸಿಸ್ಟರ್ ಏಳು ಎಂದರೆ ಏಳಬೇಡವೇ? ಮೊಣಕಾಲು ನೋಯುತ್ತಿದ್ದರೂ ಎದ್ದು ನಿಲ್ಲಲು ನೋಡಿದ್ದಳು. ನಾನು ಏಳು ಎಂದು ಹೇಳಿ, ಎದ್ದರೆ ಭುಜ ಹಿಡಿದು ಕೂರಿಸಿ, ಚಡಪಡಿಕೆ ಎಂದು ಬರೆದುಕೊಂಡಿದ್ದೆ. ಅಪ್ಪನ ಎಣಿಕೆ ಕೆಟ್ಟಿತೆಂದು ಅವಳು ತಡೆದಳೋ, ನನ್ನ ಮಾತು ಪಾಲಿಸಲು ಎದ್ದಳೋ, ನನಗೆ ಈವರೆಗೂ ಗೊತ್ತಾಗಿಲ್ಲ. ಎರಡೂ ಇರಬಹುದು.

ಪಂಪಾಪತಿಯ ಕುಟುಂಬ ಬಂದು ಕೂತಿತು. ಟ್ಯೂಬಿನ ಮಾತು ಎತ್ತಲು ನಾನು ಬಿಡಲಿಲ್ಲ. "ಮೊದಲ ಊಟ ಆಗಲಿ," ಎಂದೆ. ಅಕ್ಕನಿಗೆ ಟವೆಲ್ ಕಟ್ಟಿ, ಬಟ್ಟಲು ಹಿಡಿದು ಕೂತೆ. ಅಪ್ಪನ ರಾಗ ಹಿಡಿಯಲು ನೋಡಿದೆ. ನನಗೆ ಹಾಡು ಬರುವುದಿಲ್ಲ, ದನಿ ಒಡೆಯಿತು.

"ಲಾಭ."

ಅಕ್ಕ ಬಾಯಿ ತೆರೆದಳು. ನಾನು ತುಟಿ ಸವರಲಿಲ್ಲ, ಗಲ್ಲ ಒತ್ತಲಿಲ್ಲ. ನುಂಗಿ, ಅವಳೇ, "ಎಲ್ಡು," ಎಂದಳು. ಎಲ್ಡು ಎಂದ ಮೇಲೆ ಎರಡನೆಯದು ಕೊಡಬೇಕಲ್ಲ, ಕೊಟ್ಟೆ. ಮೂರು, ನಾಕು, ಐದು, ಆರು. "ಆರ್ಮ್ಯಾಲೊಂದು," ಎಂದೆ. ಬಾಯಿ ತೆರೆಯಿತು. ಪಂಪಾಪತಿ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹೆಂಡತಿ ಮೆಲ್ಲಗೆ, "ಚಿಗವ್ವ, ಅತ್ತಿ ಎಂಟು ಅಂದ್ರು," ಎಂದು ನೆನಪು ಮಾಡಿದಳು. ನಾನೇ ಎಣಿಕೆ ತಪ್ಪುವುದರಲ್ಲಿದ್ದೆ.

ಹನ್ನೊಂದಕ್ಕೆ ಅಕ್ಕ ಬಾಯಿ ಮುಚ್ಚಿ, ನನ್ನ ಕಡೆ ನೋಡದೆಯೇ, ಬಲಗೈಯನ್ನು ಪಕ್ಕಕ್ಕೆ ಚಾಚಿದಳು. ಅಂಗೈ ಮೇಲ್ಮುಖವಾಗಿತ್ತು. ಹುಲಿಗೆಮ್ಮ ನೀರಿನ ಲೋಟ ಕೊಟ್ಟಳು, ಬೇಡ. ಪಂಪಾಪತಿ ಕೈ ಹಿಡಿಯಲು ಹೋದ, ಸರಿಸಿದಳು. ನನಗೆ ಹೊಳೆಯಿತು. ಓಡಿಹೋಗಿ ಪೇಪರಿನ ಕಟ್ಟಿಗೆ ಸುತ್ತಿದ್ದ ಸುತಳಿ ಬಿಚ್ಚಿ ತಂದು ಅಂಗೈಗೆ ಇಟ್ಟೆ. ಅಕ್ಕ ಕೊರಳಿನ ಟವೆಲಿನ ತುದಿಗಳನ್ನು ಒಟ್ಟು ಮಾಡಿ, ಸುತಳಿಯನ್ನು ಎರಡು ಸುತ್ತು ಸುತ್ತಿ, ಗಂಟು ಹಾಕಿದಳು. ಗುಂಡಿ ಹಾಕಲು ಬಾರದ ಬೆರಳುಗಳು, ಚಮಚ ಯಾವ ಕಡೆ ಹಿಡಿಯಬೇಕೆಂದು ಮರೆತ ಬೆರಳುಗಳು. ಗಂಟು ಕಣ್ಣಿಗೆ ಕಾಣದಷ್ಟು ಚಿಕ್ಕದು, ಬಿಚ್ಚಲು ನನಗೆ ಕತ್ತರಿ ಬೇಕಾಯಿತು.

"ತಡಾ ಮಾಡಿದಿ," ಎಂದಳು ಅಕ್ಕ. 'ರಿ' ಇರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಗುರುವಾರ ಡಾಕ್ಟರು ಬಂದರು. "ಎರಡು ದಿನದಿಂದ ಚೆನ್ನಾಗಿ ಊಟ ಮಾಡ್ತಾಳ್ರಿ. ಲಾಭ ಅಂತ ಹೇಳಿ ತಿನ್ನಿಸಾಕತ್ತೀನಿ," ಎಂದೆ. ಅವರು ತಲೆಯಾಡಿಸಿ, "ಒಳ್ಳೇದು ಮೇಡಂ, ಊಟದಿಂದ ಏನು ಲಾಭ ಅಂತ ತಿಳಿಸಿ ಹೇಳೋದು ಬಹಳ ಮುಖ್ಯ," ಎಂದರು. ಹುಲಿಗೆಮ್ಮ ಒಳಗೆ ಓಡಿದಳು, ನಗು ತಡೆಯಲಾರದೆ. ವಿವರವಾಗಿ ಹೇಳಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತು, ಒಂದು ಊಟ ಪೂರ್ತಿ ನೋಡಿದರು. ಹೋಗುವಾಗ, "ಟ್ಯೂಬು ಸದ್ಯಕ್ಕೆ ಬ್ಯಾಡ," ಎಂದರು. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ತಮ್ಮಷ್ಟಕ್ಕೆ, "ಆರ್ಮ್ಯಾಲೊಂದು," ಎಂದುಕೊಂಡರು.

ಇದನ್ನು ಓದಿ ಅಕ್ಕನಿಗೆ ಗುಣವಾಯಿತು ಎಂದು ತಿಳಿಯಬೇಡಿ. ಈ ಕಾಯಿಲೆ ಹಿಂದಕ್ಕೆ ಹೋಗುವುದಿಲ್ಲ, ನನಗೆ ಗೊತ್ತು. ಯುಗಾದಿಯ ಹೊತ್ತಿಗೆ ಅವಳು ತನ್ನ ಪಾಲಿನ ಎಣಿಕೆ ಹೇಳುವುದನ್ನು ಬಿಟ್ಟಳು. ತುಟಿ ಮಾತ್ರ ಅಲುಗುತ್ತಿತ್ತು. ಶ್ರಾವಣದಲ್ಲಿ ಅದೂ ನಿಂತಿತು. ಊಟ ಮುಗಿದಾಗ ಸುತಳಿಗೆ ಕೈ ಚಾಚುವುದೊಂದು ಉಳಿದಿದೆ. ಈಗ ಎರಡೂ ಪಾಲು ನಾನೇ ಹೇಳುತ್ತೇನೆ. ಅವಳ ಪಾಲು ಬಂದಾಗ ಒಂದು ಉಸಿರಿನಷ್ಟು ಹೊತ್ತು ಕಾಯುತ್ತೇನೆ. ಕೆಲವು ದಿನ ಲಾಭಕ್ಕೂ ಬಾಯಿ ತೆರೆಯುವುದಿಲ್ಲ. ಆಗ ಅರ್ಧ ಗಂಟೆ ಬಿಟ್ಟು, ಹುಲಿಗೆಮ್ಮ ಪಾವಿನಲ್ಲಿ ಅಕ್ಕಿ ತುಂಬಿ ಡಬ್ಬಕ್ಕೇ ಸುರುವುತ್ತಾಳೆ, ಮತ್ತೆ ತುಂಬಿ ಮತ್ತೆ ಸುರುವುತ್ತಾಳೆ. ಬೀದಿಯವರು ನೋಡಿದರೆ ನಮಗೂ ಅದೇ ಕಾಯಿಲೆ ಎಂದುಕೊಳ್ಳಬೇಕು. ಒಮ್ಮೊಮ್ಮೆ ಅದಕ್ಕೂ ಏನೂ ಆಗುವುದಿಲ್ಲ. ಆದರೆ ಒಂದು ವರ್ಷ ಅವಳು ತನ್ನ ಬಾಯಿಂದ ಉಂಡಳು. ಅವಳ ಕೈಗಳನ್ನು ಯಾರೂ ಯಾವುದಕ್ಕೂ ಕಟ್ಟಲಿಲ್ಲ. ಇದಕ್ಕೆ ನಾನು ಯಾರಿಗೆ ಕೈ ಮುಗಿಯಬೇಕು? ಪಾವು ಅಳೆದ ಹುಲಿಗೆಮ್ಮನಿಗೋ, ಹೆಸರು ನೆನಪಿಲ್ಲದ ಆ ತೆಲುಗಿನ ಹಮಾಲರಿಗೋ, ಅಪ್ಪನಿಗೋ? ದಿನಕ್ಕೊಬ್ಬರಿಗೆ ಮುಗಿಯುತ್ತೇನೆ. ಅಡುಗೆಮನೆಯ ಕಿಟಕಿಯನ್ನು ಈಗ ತೆರೆದೇ ಇಡುತ್ತೇನೆ.

ಇವತ್ತಿನ ರಾತ್ರಿಯ ಊಟ, ಏಳೂವರೆ. ಹಾಜರಿದ್ದವರು: ನಾನು, ಅಕ್ಕ. ಹೊಸ ಅಕ್ಕಿಯ ಅನ್ನ, ಬೇಳೆಯ ಕಟ್ಟು. ಪಂಪಾಪತಿ ಮಧ್ಯಾಹ್ನವೇ ಕುರುಗೋಡಿಗೆ ಹೊರಟಿದ್ದ, ಹುಲಿಗೆಮ್ಮ ಆರಕ್ಕೆ ಹೋಗಿದ್ದಳು. ಲಾಭದಿಂದ ಆರರವರೆಗೆ ಸಲೀಸಾಗಿ ಹೋಯಿತು. ದಿನವಿಡೀ ಉಳಿದ ಡಬ್ಬಗಳನ್ನು ತೊಳೆದು, ಒಣಗಿಸಿ, ಹಳೆಯ ಅಕ್ಕಿ ಬೇರೆ ಮಾಡಿ ದಣಿದಿದ್ದೆ. ಬಾಯಿ ತಪ್ಪಿತು.

"ಏಳು," ಎಂದೆ.

ಅಕ್ಕನ ಕೈಗಳು ಕುರ್ಚಿಯ ಕೈ ಹಿಡಿದವು. ನನ್ನ ಎಡಗೈ ಹಳೆಯ ಅಭ್ಯಾಸದಿಂದ ಅವಳ ಭುಜಕ್ಕೆ ಹೋಯಿತು, ಕೂರಿಸಲು. ಅಲ್ಲೇ ತಡೆದೆ. ಏಳು ಎಂದು ಹೇಳಿದವಳು ನಾನೇ ಅಲ್ಲವೇ? ಬಟ್ಟಲು ಕೆಳಗಿಟ್ಟು, ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಅವಳು ನಿಂತಳು. ನನ್ನ ಹೆಗಲಿನಷ್ಟು ಎತ್ತರ ಬರುತ್ತಾಳೆ ಈಗ, ಒಂದು ಕಾಲಕ್ಕೆ ನಾನು ಅವಳ ಸೊಂಟದಷ್ಟಿದ್ದೆ. ಊಟದ ನಡುವೆ ಎದ್ದು ಓಡಾಡುವುದು ನನ್ನ ಯಾವ ವಾರ್ಡಿನಲ್ಲೂ ನಡೆದದ್ದಲ್ಲ. ಆರು ಹೆಜ್ಜೆ ನಡೆದು ಅಕ್ಕಿಯ ಡಬ್ಬದ ಹತ್ತಿರ ಹೋದೆವು. ಮುಚ್ಚಳ ತೆಗೆದೆ. ಹೊಸ ಅಕ್ಕಿಯ ಸಿಹಿ ವಾಸನೆ ಬಂತು. ಅಕ್ಕ ಮುಂಗೈವರೆಗೆ ಕೈ ಇಳಿಸಿ, ಒಂದು ಬೊಗಸೆ ಎತ್ತಿ, ಬೆರಳ ಸಂದಿಯಿಂದ ಸುರಿಯಲು ಬಿಟ್ಟಳು. ಎರಡು ಸಲ. ಆಮೇಲೆ ಆರು ಹೆಜ್ಜೆ ಹಿಂದಕ್ಕೆ ಬಂದು ಕೂತೆವು. ಆರರ ಮೇಲೊಂದು, ಎಂಟು, ಒಂಬತ್ತು.

ಪುಸ್ತಕದಲ್ಲಿ ಬರೆದೆ: 'ರಾತ್ರಿ, ಒಂಬತ್ತು ಚಮಚ. ಏಳಕ್ಕೆ ಇಬ್ಬರೂ ಎದ್ದೆವು.'

ಪಕ್ಕದಲ್ಲಿ ಅಕ್ಕನ ಕೈ ಚಾಚಿಕೊಂಡೇ ಇತ್ತು. ಅಳತೆಗೆ ಕತ್ತರಿಸಿಟ್ಟ ಸುತಳಿಯನ್ನು ತಡಮಾಡದೆ ಅಂಗೈಗೆ ಇಟ್ಟೆ. ಅಕ್ಕ ಟವೆಲಿನ ತುದಿಗೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಎಳೆದು ನೋಡಿದಳು. ನಾನು ಕತ್ತರಿ ತಂದು ಗಂಟು ಕತ್ತರಿಸಿ, ನಾಳೆಗೆ ಮೂರು ಸುತಳಿ ಅಳೆದು ಮೊಳೆಗೆ ಸಿಕ್ಕಿಸಿಟ್ಟೆ.